ಆರಕ್ಕಿಂತ ಮೊದಲು ಏಳು

೧

ಎಲ್ಲಿಂದ ಶುರು ಮಾಡಬೇಕು ಎಂದು ಯೋಚಿಸುತ್ತಲೇ ಮೂರು ವಾರ ಕಳೆದಿದ್ದೇನೆ. ಮೊದಲು ಮಂಜಿನಿಂದ ಶುರು ಮಾಡಿದೆ: "ಕಾಡಿನ ಮೇಲೆ ಮಂಜು ಇಳಿದಿತ್ತು. ಸ್ಪ್ರೂಸ್ ಮರಗಳ ನಡುವೆ ತೂರುನ್ ಓಡುತ್ತಿದ್ದಳು, ಒಂದು ಕೈಯಲ್ಲಿ ನಕ್ಷೆ, ಇನ್ನೊಂದರಲ್ಲಿ ದಿಕ್ಸೂಚಿ." ಪರವಾಗಿಲ್ಲ ಅಲ್ಲವೇ? ನನಗೂ ಹಾಗೇ ಅನಿಸಿತು. ಖುಷಿ ತಡೆಯಲಾರದೆ ತೂರುನ್‌ಗೇ ಫೋನ್ ಮಾಡಿದೆ. ಕನ್ನಡದಲ್ಲಿ ಬರೆದದ್ದನ್ನು ನಾರ್ವೆಯ ಮಾತಿಗೆ ತಿರುಗಿಸುತ್ತ ಓದಿ ಹೇಳಿದೆ.

"ಯಾವ ಮಂಜು?" ಅಂದಳು.

"ಅವತ್ತಿನ ಮಂಜು."

"ಅವತ್ತು ಬಿಸಿಲು ಕಣೋ. ಎಂಥಾ ಬಿಸಿಲು! ನನ್ನ ಮೂಗಿನ ಸಿಪ್ಪೆ ಸುಲಿದಿತ್ತು. ಮಂಜಂತೆ ಮಂಜು. ಹೊಡೆದಾಕು ಅದನ್ನ."

ಹೊಡೆದುಹಾಕಿದೆ. (ನಾನು ಮಂಜನ್ನು ಯಾಕೆ ತಂದೆ ಎನ್ನುವುದು ನಿಮಗೆ ಆಮೇಲೆ ತಿಳಿಯುತ್ತದೆ. ಅವಳಿಗೆ ಫೋನಿನಲ್ಲೇ ತಿಳಿದುಹೋಗಿತ್ತು.)

ಎರಡನೆಯ ಪ್ರಯತ್ನ. ನಾರ್ವೆಯ ಈ ನಮ್ಮ ಊರಿನ ಓರಿಯಂಟೀರಿಂಗ್ ಕ್ಲಬ್ಬಿಗೆ, ಎಂದರೆ ನಕ್ಷೆ ಹಿಡಿದು ಕಾಡಿನಲ್ಲಿ ಓಡುವವರ ಕ್ಲಬ್ಬಿಗೆ, ಈ ವರ್ಷ ಎಪ್ಪತ್ತೈದು ತುಂಬುತ್ತದೆ. ಅಧ್ಯಕ್ಷ ಒಡ್ವಾರ್ ಒಂದು ಪುಸ್ತಕ ತರುತ್ತಿದ್ದಾನೆ. ಕ್ಲಬ್ಬಿನ ಹೆಮ್ಮೆಯಾದ ತೂರುನ್ ಬಗ್ಗೆ ಎರಡು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

"ಚಿಕ್ಕದಾಗಿರ್ಲಿ, ಖುಷಿಯಾಗಿರ್ಲಿ" ಅಂದ ಒಡ್ವಾರ್. "ನೀನು ಬರೆಯೋಕೆ ಕೂತ್ರೆ ಎಲ್ಲೆಲ್ಲಿಗೋ ಹೋಗ್ಬಿಡ್ತೀಯ. ಕಾಡಲ್ಲೂ ಹಾಗೇ ಮಾಡ್ತಿದ್ದೆ."

ಆ ಎರಡು ಪುಟ ನಾರ್ವೇಜಿಯನ್‌ನಲ್ಲಿ ಬರೆದು ಕೊಟ್ಟಾಗಿದೆ. ಚಿಕ್ಕದಾಗಿದೆ, ಖುಷಿಯಾಗಿದೆ. ಇದು ಅದಲ್ಲ. ಇದನ್ನು ಕನ್ನಡದಲ್ಲಿ ಬರೆಯಲು ಕಾರಣ ಸರಳ: ಈ ಕಣಿವೆಯಲ್ಲಿ ಇದನ್ನು ಓದಬಲ್ಲವನು ನಾನೊಬ್ಬನೇ.

೨

ತೂರುನ್ ಎಂಟು ವರ್ಷದವಳಿದ್ದಾಗ ತಮ್ಮ ಮನೆಯ ನಕ್ಷೆ ಬರೆದಳು. ಊಟದ ಮೇಜು ಬಂಡೆ, ಸೋಫಾ ಗುಡ್ಡ, ಅಪ್ಪ ಕೂರುವ ಕುರ್ಚಿಯ ಸುತ್ತ "ದಾಟಲಾಗದ ಜೌಗು". ಅಮ್ಮ ಆ ಹಾಳೆಯನ್ನು ಇಪ್ಪತ್ತು ವರ್ಷ ಫ್ರಿಜ್ಜಿನ ಬಾಗಿಲಲ್ಲಿ ಅಂಟಿಸಿಟ್ಟಿದ್ದಳು.

(ಇದು ನಿಜ. ಒಡ್ವಾರ್‌ನ ಪುಸ್ತಕದಲ್ಲೂ ಇದೆ.)

ಅವಳಿಗೆ ಕನಸೂ ನಕ್ಷೆಯಲ್ಲೇ ಬೀಳುತ್ತದಂತೆ. ಬಿಳಿ ಎಂದರೆ ತೆರಪಾದ ಕಾಡು, ಹಸಿರು ಎಂದರೆ ಮೈ ತೂರದ ಪೊದೆ, ನೀಲಿ ಗೆರೆ ನೀರು, ಕಂದು ಗೆರೆ ಏರು. ಕನಸಿನಲ್ಲಿ ಅವಳಿಗೆ ಕಾಲಿಲ್ಲ, ಬರೀ ಒಂದು ಹೆಬ್ಬೆರಳು. ಅದು ಕಂದು ಗೆರೆಗಳ ಮೇಲೆ ಸದ್ದಿಲ್ಲದೆ ಜಾರುತ್ತದೆ, ಬೆಟ್ಟಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಎಚ್ಚರವಾದಾಗ ಹೊದಿಕೆಯ ಮಡಿಕೆಗಳಲ್ಲಿ ಕಣಿವೆ ಹುಡುಕುತ್ತ ಸ್ವಲ್ಪ ಹೊತ್ತು ಹಾಗೇ ಮಲಗಿರುತ್ತಾಳಂತೆ. ಅರವತ್ತಾರು ವರ್ಷವಾದರೂ ಈ ಅಭ್ಯಾಸ ಬಿಟ್ಟಿಲ್ಲ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಕಾಡಿನಲ್ಲಿ ಅಲ್ಲಲ್ಲಿ ಕಿತ್ತಳೆ-ಬಿಳಿ ಬಾವುಟ ನೇತುಹಾಕಿರುತ್ತಾರೆ, ಒಂದೊಂದೂ ಒಂದು ಪೋಸ್ಟ್. ನಕ್ಷೆ ನೋಡಿಕೊಂಡು ಒಂದು, ಎರಡು, ಮೂರು ಎಂದು ಅದೇ ಕ್ರಮದಲ್ಲಿ ಎಲ್ಲವನ್ನೂ ಮುಟ್ಟಿ ಬರಬೇಕು. ಬೇಗ ಬಂದವರು ಗೆದ್ದರು. ಈಗ ಬೆರಳಿಗೆ ಚಿಪ್ ಕಟ್ಟಿರುತ್ತಾರೆ, ಅದು ಎಲ್ಲವನ್ನೂ ಒಪ್ಪಿಸುತ್ತದೆ. ಆಗ ಹಾಗಿರಲಿಲ್ಲ. ಓಟಗಾರ್ತಿಯ ಹತ್ತಿರ ಅಂಕಿ ಹಾಕಿದ ಚೌಕದ ಮನೆಗಳಿದ್ದ ಒಂದು ರಟ್ಟಿನ ಕಾರ್ಡು, ಪ್ರತಿ ಪೋಸ್ಟಿನಲ್ಲೂ ಸೂಜಿಗಳಿದ್ದ ಒಂದು ಇಕ್ಕಳ. ಏಳನೇ ಪೋಸ್ಟಿನ ಇಕ್ಕಳದಿಂದ ಏಳನೇ ಮನೆಗೆ ತೂತು ಹಾಕಿದರೆ ಆಯಿತು. ಯಾವ ತೂತು ಮೊದಲು ಬಿತ್ತು, ಯಾವುದು ಆಮೇಲೆ ಎಂದು ಕಾರ್ಡು ಹೇಳುವುದಿಲ್ಲ.

ಕ್ರಮ ಕಾಯುವುದು ಓಡುವವರ ಮರ್ಯಾದೆಗೆ ಬಿಟ್ಟ ವಿಷಯವಾಗಿತ್ತು. ಇಲ್ಲಿನ ಜನ ಅದನ್ನು ಎಷ್ಟು ನಂಬಿದ್ದರೆಂದರೆ, ಅದರ ಬಗ್ಗೆ ಮಾತೇ ಆಡುತ್ತಿರಲಿಲ್ಲ.

೩

ಕಥೆಗಾರ ತನ್ನ ಬಗ್ಗೆ ಹೇಳಿಕೊಳ್ಳಬಾರದು ಅನ್ನುತ್ತಾರೆ. ಆದರೆ ಈ ಕಥೆಯಲ್ಲಿ ನಾನು ಒಂದು ಮರದ ಕೆಳಗೆ ಕೂತಿದ್ದೇನೆ, ಏನು ಮಾಡಲಿ?

ನಾನು ಕನ್ನಡನಾಡಿನಿಂದ ಬಂದು, ಇಲ್ಲಿನ ನಕ್ಷೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದವನು. ಕಂದು ಶಾಯಿ ನನ್ನ ಖಾತೆ. ಈ ಸೀಮೆಯ ಪ್ರತಿ ಗುಡ್ಡವೂ ನನ್ನ ಉಗುರಿನ ಸಂದಿಯಲ್ಲಿ ಹಾದುಹೋಗಿದೆ. ಆದರೆ ಅದೇ ನಕ್ಷೆ ಹಿಡಿದು ಕಾಡಿಗಿಳಿದರೆ ಮುಗಿಯಿತು. ಕ್ಲಬ್ಬಿಗೆ ಸೇರಿದ ವರ್ಷ, ಹತ್ತು ವರ್ಷದ ಮಕ್ಕಳಿಗೆಂದು ಮಾಡಿದ ಸುಲಭದ ದಾರಿಯಲ್ಲೇ ಮೂರು ಸಲ ಕಳೆದುಹೋದೆ. ಮೂರನೇ ಸಲ ನನ್ನನ್ನು ಹುಡುಕಿ ಕರೆತಂದವಳು ತೂರುನ್.

"ನಕ್ಷೆ ತಲೆಕೆಳಗೆ ಹಿಡ್ಕೊಂಡಿದೀಯಲ್ಲೋ" ಅಂದಿದ್ದಳು. "ಅಚ್ಚು ಹಾಕೋವಾಗ್ಲೂ ಹೀಗೇನಾ?"

ಅವತ್ತಿನಿಂದ ನನಗೆ ಕೂರುವ ಕೆಲಸ ಕೊಟ್ಟರು. ದೊಡ್ಡ ಸ್ಪರ್ಧೆಗಳಲ್ಲಿ ಕೆಲವು ಪೋಸ್ಟುಗಳ ಹತ್ತಿರ ಒಬ್ಬ ಕಾವಲಿನವನು ಕೂರುತ್ತಾನೆ. ಫ್ಲಾಸ್ಕಿನಲ್ಲಿ ಕಾಫಿ, ಕಂದು ಚೀಸ್ ಹಚ್ಚಿದ ಬ್ರೆಡ್ಡು, ಒಂದು ಪಟ್ಟಿ, ಒಂದು ಪೆನ್ಸಿಲ್. ಬಂದವರ ನಂಬರಿನ ಮುಂದೆ ಗಂಟೆ ಬರೆಯಬೇಕು. ಮಾತಾಡಬಾರದು, ಕೈ ತೋರಿಸಬಾರದು. ಕೂತು ನೋಡುವುದರಲ್ಲಿ ನಾನು ಎಂದೂ ದಾರಿ ತಪ್ಪಿದವನಲ್ಲ.

ಅಂದುಕೊಂಡಿದ್ದೆ.

೪

ನಲವತ್ತೆರಡು ವರ್ಷದ ಹಿಂದಿನ ಆಗಸ್ಟ್, ರಾಷ್ಟ್ರೀಯ ಚಾಂಪಿಯನ್‌ಶಿಪ್, ನಮ್ಮದೇ ಕಾಡು. ತೂರುನ್‌ಗೆ ಇಪ್ಪತ್ತನಾಲ್ಕು, ಎದೆಯ ಮೇಲೆ ಮೂವತ್ತೊಂದನೇ ನಂಬರು. ಸರೋವರದ ಆಚೆ ದಡದ ಕ್ಲಬ್ಬಿನಿಂದ ವಿಗ್ಡಿಸ್ ಬಂದಿದ್ದಳು. ಅವಳಿಗೂ ಇಪ್ಪತ್ತನಾಲ್ಕು. ಇಬ್ಬರಲ್ಲಿ ಒಬ್ಬಳು ಗೆಲ್ಲುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು.

ತೂರುನ್ ಗೆದ್ದಳು, ಹನ್ನೊಂದು ಸೆಕೆಂಡಿನಿಂದ. ರಾಜನ ಹೆಸರಿನ ಬೆಳ್ಳಿ ಬಟ್ಟಲು ಅವಳ ಪಾಲಾಯಿತು.

ಇಲ್ಲಿ ಒಡ್ವಾರ್‌ನ ಪುಸ್ತಕಕ್ಕೆ ಬೇಕಾದದ್ದು ಚಪ್ಪಾಳೆ. ನಿಮಗೆ ನಾನು ಬೇರೆ ಒಂದು ಚೂರು ಕೊಡುತ್ತೇನೆ, ಜೋಪಾನವಾಗಿ ಇಟ್ಟುಕೊಳ್ಳಿ. ಓಟ ಮುಗಿದ ಮೇಲೆ ಹುಲ್ಲಿನ ಮೇಲೆ ಹುಡುಗಿಯರೆಲ್ಲ ಬಿದ್ದುಕೊಂಡು, ಬ್ಲೂಬೆರಿ ಸೂಪು ಕುಡಿಯುತ್ತ, ನಕ್ಷೆಗಳನ್ನು ಹರಡಿಕೊಂಡು ಹರಟುತ್ತಿದ್ದರು. ಯಾರೋ ಒಬ್ಬಳು ಕೇಳಿದಳು:

"ಆ ದೋಣಿ ಯಾರಪ್ಪಾ ತಂದಿಟ್ಟೋರು ಅಲ್ಲಿ?"

"ಅಯ್ಯೋ, ನಾನು ಅದನ್ನ ದಾಟಲಾರ್ದೆ ಸುತ್ತಿಕೊಂಡು ಹೋದೆ!"

"ನೀಲಿ ಬಣ್ಣ ಬೇರೆ. ಜೌಗಿನ ಮಧ್ಯೆ. ಒಂದು ಹನಿ ನೀರಿಲ್ಲ. ತಲೆ ಕೆಟ್ಟಿತೇನೋ ಅಂದ್ಕೊಂಡೆ."

ಎಲ್ಲರೂ ನಕ್ಕರು. ತೂರುನ್ ಸೂಪಿನಿಂದ ತಲೆಯೆತ್ತಿ ಕೇಳಿದಳು: "ಯಾವ ದೋಣಿ?"

ಅಷ್ಟೇ. ಮಾತು ಬೇರೆ ಕಡೆ ತಿರುಗಿತು. ವಿಗ್ಡಿಸ್ ಮಾತ್ರ ಸೂಪು ಕುಡಿಯುವುದನ್ನು ನಿಲ್ಲಿಸಿದ್ದಳು.

೫

ಅಲ್ಲಿಂದ ಮುಂದೆ ತೂರುನ್ ಹನ್ನೊಂದು ವರ್ಷ ದೇಶಕ್ಕಾಗಿ ಓಡಿದಳು. ರಿಲೇಯಲ್ಲಿ ಪದಕ ತಂದಳು. ಒಂಟಿ ಓಟದಲ್ಲಿ ಆರು ಸಲ ಎರಡನೆಯವಳಾದಳು. ಮೊದಲನೆಯವಳು ಮತ್ತೆಂದೂ ಆಗಲಿಲ್ಲ.

ಕೋಚುಗಳಿಗೆ ಅದು ಬಿಡಿಸಲಾಗದ ಒಗಟಾಗಿತ್ತು. ಕಾಲಿನಲ್ಲಿ ಬಲವಿತ್ತು, ನಕ್ಷೆ ಓದುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಪ್ರತಿ ಪೋಸ್ಟಿನಲ್ಲೂ ತೂತು ಹಾಕಿದ ಮೇಲೆ ನಿಂತು, ಕಾರ್ಡನ್ನು ಮೊದಲಿನಿಂದ ನೋಡುತ್ತಿದ್ದಳು. ಒಂದು, ಎರಡು, ಮೂರು, ನಾಲ್ಕು. ಬೆರಳಿಟ್ಟು, ಶಾಲೆಯ ಮಗುವಿನ ಹಾಗೆ. ಆಮೇಲೆ ಬಾವುಟವನ್ನು ಇನ್ನೊಮ್ಮೆ ಮುಟ್ಟಿ ಓಡುತ್ತಿದ್ದಳು. ಪ್ರತಿ ಪೋಸ್ಟಿನಲ್ಲಿ ಎರಡು ಮೂರು ಸೆಕೆಂಡು ಹೀಗೇ ಹೋಗುತ್ತಿತ್ತು. "ಅದೇನೇ ಅದು, ಪೂಜೆನಾ?" ಎಂದು ಕೋಚ್ ಬೈಯುತ್ತಿದ್ದ. ಮುಂದಿನ ಓಟದಲ್ಲೂ ಅವಳು ಹಾಗೇ ಬೆರಳಿಡುತ್ತಿದ್ದಳು.

ವಿಗ್ಡಿಸ್ ಮರುವರ್ಷವೇ ಆಟ ಬಿಟ್ಟು ಶಾಲೆಯ ಬಸ್ಸು ಓಡಿಸಲು ಸೇರಿದಳು. ಕೆಲವು ವರ್ಷಗಳ ನಂತರ ಈ ದಡಕ್ಕೆ ಮನೆ ಬದಲಾಯಿಸಿದಳು. ಇಬ್ಬರೂ ಗೆಳತಿಯರಾದರು, ಹೇಗೆಂದು ಇಬ್ಬರಿಗೂ ನೆನಪಿಲ್ಲ. ಮೂವತ್ತೈದು ವರ್ಷದಿಂದ ಪ್ರತಿ ಗುರುವಾರ ತೂರುನ್ ಮನೆಯಲ್ಲಿ ವಾಫಲ್. ಒಂದೇ ಒಂದು ವಿಷಯವನ್ನು ವಿಗ್ಡಿಸ್ ಗೆಳತಿಗೆ ಹೇಳಿಲ್ಲ: ಬೇಸಿಗೆಯ ಕೊನೆಗೆ ತಾನು ಬಕೆಟ್ಟುಗಟ್ಟಲೆ ಮುಲ್ತೆ ಎಂಬ ಅಪರೂಪದ ಕಿತ್ತಳೆ ಬಣ್ಣದ ಕಾಡುಹಣ್ಣು ತರುವ ಜೌಗು ಎಲ್ಲಿದೆ ಎಂದು. ಅದರಲ್ಲಿ ವಿಶೇಷವಿಲ್ಲ. ಇಲ್ಲಿ ಮುಲ್ತೆಯ ಜಾಗವನ್ನು ಒಡಹುಟ್ಟಿದವರಿಗೂ ಹೇಳುವುದಿಲ್ಲ.

ಬೆಳ್ಳಿ ಬಟ್ಟಲಿನಲ್ಲಿ ತೂರುನ್ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಇಡುತ್ತಾಳೆ. ಎಂಥ ವಿನಯ ಎಂದು ಪುಸ್ತಕದಲ್ಲಿ ಬರೆದಿದ್ದೇನೆ. ಬರೆಯುವಾಗ ನನಗೆ ನಾಚಿಕೆಯಾಯಿತು.

ಇನ್ನು ಆರು ಬರಬೇಕು. ಆದರೆ ನನ್ನ ಕೈ ಏಳಕ್ಕೆ ಹೋಗುತ್ತಿದೆ. ಕ್ಷಮಿಸಿ.

೭

ನಾನು ಏಳನೇ ಪೋಸ್ಟಿನ ಕಾವಲಿಗಿದ್ದೆ. ಎದುರಿಗೆ ಜೌಗು, ಹಳದಿ ಹುಲ್ಲು, ಬಿಸಿಲಿಗೆ ಮೇಲೇಳುವ ಸಿಹಿ ವಾಸನೆ. ನೂರು ಗಜ ದೂರದಲ್ಲಿ ಒಂದು ನೀಲಿ ದೋಣಿ. ಯಾರು, ಯಾವ ಕಾಲದಲ್ಲಿ, ಯಾವ ನೀರನ್ನು ನಂಬಿ ಅದನ್ನು ಅಲ್ಲಿಗೆ ತಂದರೋ. ಅರ್ಧ ಗಂಟೆ ಅದನ್ನೇ ನೋಡುತ್ತ ಕೂತರೆ ದೋಣಿ ನಿಧಾನವಾಗಿ ತೇಲುತ್ತಿದೆ ಅನಿಸುತ್ತಿತ್ತು. ಆರನೇ ಪೋಸ್ಟು ಆಚೆ ಗುಡ್ಡದ ಮೇಲಿತ್ತು. ಅಲ್ಲಿಂದ ಬರುವವರೆಲ್ಲ ಜೌಗನ್ನು ದಾಟಿ, ದೋಣಿಯ ಪಕ್ಕದಲ್ಲೇ ಹಾದು ಬರಬೇಕು.

ತೂರುನ್ ಆ ಕಡೆಯಿಂದ ಬರಲಿಲ್ಲ. ನನ್ನ ಬೆನ್ನ ಹಿಂದಿನಿಂದ ಬಂದಳು.

ಐದರಿಂದ ಆರಕ್ಕೆ ಹೊರಟವಳು ಒಂದು ಗುಡ್ಡವನ್ನು ಇನ್ನೊಂದೆಂದು ತಿಳಿದಿದ್ದಳು. ಎಂಥವರೂ ಮಾಡುವ ತಪ್ಪು. ಬಾವುಟ ನೋಡಿ ಓಡಿಬಂದಳು, ಇಕ್ಕಳ ಹಿಡಿದಳು, ಆಗ ಅದರ ಗುರುತು ಓದಿದಳು. ಏಳು. ಅವಳ ಮುಖದಲ್ಲಿ ಬಿಸಿಲು ಬಿದ್ದಿತ್ತು, ಮೂಗಿನ ಸಿಪ್ಪೆ ಸುಲಿದಿತ್ತು. (ಈಗ ತಿಳಿಯಿತಲ್ಲ? ಮಂಜಿದ್ದಿದ್ದರೆ ಅವಳಿಗೊಂದು ನೆಪ ಸಿಗುತ್ತಿತ್ತು. ನನಗೂ.)

ನಿಯಮದ ಪ್ರಕಾರ ಆರಕ್ಕೆ ಹೋಗಿ, ಮತ್ತೆ ಇಲ್ಲಿಗೆ ಬಂದು, ಎಂಟಕ್ಕೆ ಹೋಗಬೇಕು. ಎಂಟು ಇದ್ದದ್ದು ಆರರ ಆಚೆಗೆ, ಇಲ್ಲಿಗೆ ವಾಪಸ್ಸು ಬರದಿದ್ದರೆ ಒಂದು ಸುತ್ತು ಉಳಿಯುತ್ತಿತ್ತು. ಒಂದು ಉಸಿರು ಬಿಡುವಷ್ಟು ಹೊತ್ತು ನಿಂತಳು. ಆಮೇಲೆ ಕಾರ್ಡಿನ ಏಳನೇ ಮನೆಯನ್ನು ಇಕ್ಕಳಕ್ಕೆ ಕೊಟ್ಟು ಒತ್ತಿದಳು. ತಲೆಯೆತ್ತಿದಾಗ ಮರದ ಕೆಳಗೆ ಕೂತಿದ್ದ ನನ್ನನ್ನು ಕಂಡಳು. ನಾನೂ ಅವಳನ್ನು ಕಂಡೆ. ಜೌಗಿಗೆ ಇಳಿಯದೆ, ಆ ಕಡೆ ತಿರುಗಿಯೂ ನೋಡದೆ, ಅಂಚಿನ ಕಾಡಿನೊಳಗೆ ಮಾಯವಾದಳು.

ಮೂವತ್ತೊಂದನೇ ನಂಬರಿನ ಮುಂದೆ ನಾನು ಗಂಟೆ ಬರೆಯಲಿಲ್ಲ. ವಾಪಸ್ಸು ಬರುತ್ತಾಳೆ, ಬಂದಾಗ ಬರೆದರಾಯಿತು ಎಂದು ಕಾದೆ. ಕಾಫಿ ತಣ್ಣಗಾಯಿತು. ಒಬ್ಬೊಬ್ಬರಾಗಿ ಎಲ್ಲರೂ ದೋಣಿಯ ಪಕ್ಕದಿಂದ ಬಂದು ಹೋದರು, ವಿಗ್ಡಿಸ್ ಕೂಡ. ತೂರುನ್ ಬರಲಿಲ್ಲ. ಸಂಜೆ ಪಟ್ಟಿ ಕೊಡುವಾಗ, ಬರಬಹುದಾಗಿದ್ದ ಒಂದು ಗಂಟೆಯನ್ನು ಯೋಚಿಸಿ ಆ ಖಾಲಿ ಜಾಗದಲ್ಲಿ ತುಂಬಿದೆ. "ಏನಾದ್ರೂ ವಿಶೇಷ ಇತ್ತಾ?" ಎಂದು ಕೇಳಿದರು. "ಇಲ್ಲ" ಅಂದೆ.

ಯಾಕೆ? ನನ್ನನ್ನು ಕಾಡಿನಿಂದ ಹುಡುಕಿ ತಂದವಳು ಅವಳು. ಅವಳು ಓಡುವುದನ್ನು ನೋಡುವುದೇ ನನಗೆ ಒಂದು ಸುಖವಾಗಿತ್ತು. ಇಷ್ಟೇ ಕಾರಣ. ಬರೆದ ಮೇಲೆ ಇದು ತೀರಾ ಸಣ್ಣದಾಗಿ ಕಾಣುತ್ತಿದೆ.

ಅದು ನನ್ನ ಮೊದಲ ಕಥೆ ಅನ್ನಬಹುದು. ಒಂದೇ ಸಾಲು, ಪೂರ್ತಿ ಕಲ್ಪಿತ, ಎಲ್ಲರೂ ನಂಬಿದರು.

೬

ಹೋದ ಗುರುವಾರ. ತೂರುನ್‌ಳ ಅಡುಗೆಮನೆ. ಅವತ್ತಿನ ಪಟ್ಟಿಯ ಕಾರ್ಬನ್ ನಕಲನ್ನು ಮೇಜಿನ ಮೇಲೆ ಇಟ್ಟೆ.

"ಇದನ್ನ ಇಟ್ಕೊಂಡಿದೀಯಾ ಇನ್ನೂ?" ಅಂದಳು.

"ನೀನು ನನ್ನ ನೋಡಿದ್ದೆ ಅಲ್ವಾ?"

"ಮರದ ಕೆಳಗೆ ಬ್ರೆಡ್ಡು ಬಾಯಲ್ಲಿಟ್ಕೊಂಡು ಕೂತೋನು ಕಾಣ್ಸಲ್ವಾ?" ವಾಫಲ್ ಹಿಟ್ಟು ಕಲಸುತ್ತಲೇ ಇದ್ದಳು. "ವಾಪಸ್ ಬರೋಣ ಅಂತಾನೇ ಇತ್ತು ಕಣೋ. ಆರಕ್ಕೆ ಹೋಗಿ ನಿಂತೆ. ನೋಡಿದ್ರೆ ಎಂಟು ಅಲ್ಲೇ ಇದೆ. ಕಾಲು ಹೊರಟುಹೋಯ್ತು. ಆಮೇಲೆ ನೀನು ಹೇಳ್ತೀಯ ಅಂದ್ಕೊಂಡೆ. ನೀನೂ ಬಾಯಿ ಮುಚ್ಕೊಂಡೆ, ದರಿದ್ರದವನೇ."

"ನನ್ನ ಮೇಲೆ ಹಾಕ್ಬೇಡ."

"ಹಾಕ್ತಿಲ್ಲ. ಆಗ ಹೇಳಿದ್ದಿದ್ರೆ ಒಂದು ದಿನ ಅತ್ತು ಮುಗಿಸ್ತಿದ್ದೆ."

ಅಷ್ಟರಲ್ಲಿ ವಿಗ್ಡಿಸ್ ಬಂದಳು. ಗುರುವಾರವಲ್ಲವೇ. ಶೂ ಬಿಚ್ಚಿ, ಕುರ್ಚಿ ಎಳೆದುಕೊಂಡು, ಜಾಮಿನ ಡಬ್ಬಿ ತೆರೆದಳು. ತೂರುನ್ ಬೆಳ್ಳಿ ಬಟ್ಟಲನ್ನು ಬೋರಲು ಹಾಕಿದಳು. ಕ್ಲಿಪ್ಪುಗಳೆಲ್ಲ ಮೇಜಿನ ಮೇಲೆ ಚೆಲ್ಲಾಡಿದವು. ಬಟ್ಟಲನ್ನು ವಿಗ್ಡಿಸ್ ಕಡೆಗೆ ತಳ್ಳಿ, "ಇದು ನಿಂದು. ಅವತ್ತು ನಾನು ಏಳನ್ನ ಮೊದಲು ಹೊಡೆದೆ, ಆಮೇಲೆ ಆರು" ಅಂದಳು.

ಇಲ್ಲಿ ಮೂರು ಮುಗಿತಾಯ ಬರೆದಿದ್ದೆ. ಒಂದರಲ್ಲಿ ವಿಗ್ಡಿಸ್ ಎದ್ದು ಹೋಗುತ್ತಾಳೆ, ಗುರುವಾರಗಳು ಮುಗಿಯುತ್ತವೆ. ಇನ್ನೊಂದರಲ್ಲಿ ತಬ್ಬಿಕೊಂಡು ಅಳುತ್ತಾರೆ. (ಇಲ್ಲಿ ಹಾಗೆಲ್ಲ ತಬ್ಬಿಕೊಳ್ಳುವುದಿಲ್ಲ, ನನಗೆ ಹುಚ್ಚು.) ಮೂರನೆಯದರಲ್ಲಿ ವಿಗ್ಡಿಸ್‌ಗೆ ಕಿವಿ ಕೇಳಿಸುವುದಿಲ್ಲ. ಮೂರನ್ನೂ ಹರಿದೆ. ನಡೆದದ್ದು ಇದು:

ವಿಗ್ಡಿಸ್ ವಾಫಲ್ಲಿನ ಅಂಚಿನವರೆಗೂ ಜಾಮು ಹಚ್ಚಿ ಮುಗಿಸಿದಳು. "ಗೊತ್ತು" ಅಂದಳು.

"ಏನ್ ಗೊತ್ತು?"

"'ಯಾವ ದೋಣಿ' ಅಂತ ಕೇಳಿದ್ಯಲ್ಲೇ. ಕಣ್ಣಿಲ್ಲದೋರಿಗೂ ಅದು ಕಾಲಿಗೆ ತಾಗಬೇಕು. ನೀನು ಆ ದಾರೀಲಿ ಬಂದೇ ಇಲ್ಲ ಅಂತ ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

"ನಿನ್ನ ಬಾಯಿಂದ ಬರ್ಲಿ ಅಂತ. ಒಂದು ವಾರದಲ್ಲಿ ಬರುತ್ತೆ ಅಂದ್ಕೊಂಡೆ. ಆಮೇಲೆ ಒಂದು ವರ್ಷ. ಈ ದಡಕ್ಕೆ ಮನೆ ಮಾಡಿದ್ದೂ ಅದಕ್ಕೇ, ಎದುರಿಗಿದ್ರೆ ಹೇಳ್ತಾಳೆ ಅಂತ. ಅಷ್ಟರಲ್ಲಿ ನೀನು ಸ್ನೇಹಿತೆ ಆಗ್ಬಿಟ್ಟೆ, ಹಾಳಾಗ್ಹೋಗು." ಜಾಮಿನ ಡಬ್ಬಿಯ ಮುಚ್ಚಳ ಬಿಗಿದಳು. ಆಮೇಲೆ ನನ್ನ ಕಡೆ ತಿರುಗಿ ಪಟ್ಟಿಯನ್ನು ನೋಡಿದಳು. "ನೀನೂನಾ? ಇವನಿಗೆ ಕಾಫಿ ಕೊಡ್ಬೇಡ ಇವತ್ತು."

ತೂರುನ್ ಬಟ್ಟಲನ್ನು ಇನ್ನಷ್ಟು ಹತ್ತಿರ ತಳ್ಳಿದಳು.

"ಕ್ಲಿಪ್ಪಿಡೋಕೆ ನಮ್ಮನೇಲಿ ಬಕೆಟ್ ಇದೆ" ಅಂದಳು ವಿಗ್ಡಿಸ್. "ಹೀಗೆ ಮೇಜಿನ ಮೇಲೆ ತಳ್ಳಿಬಿಟ್ರೆ ಆಗೋಯ್ತಾ? ಆರರಿಂದ ಏಳಕ್ಕೆ ನಾನು ನಾಲ್ಕು ನಿಮಿಷ ಹತ್ತು ಸೆಕೆಂಡು ತಗೊಂಡೆ." (ಈ ಜನ ಮಕ್ಕಳ ಹುಟ್ಟಿದ ದಿನ ಮರೆಯುತ್ತಾರೆ, ಓಡಿದ ದಾರಿ ಮರೆಯುವುದಿಲ್ಲ.) "ನೀನು ಓಡದೇ ಬಿಟ್ಟಿದ್ದನ್ನ ಓಡು. ನಾಲ್ಕು-ಹತ್ತರೊಳಗೆ ಏಳು ಮುಟ್ಟಿದ್ರೆ ಬಟ್ಟಲು ನಿಂದೇ, ಪುಸ್ತಕದಲ್ಲಿ ಏನಿದೆಯೋ ಹಾಗೇ ಇರ್ಲಿ, ನಾನು ಸಾಯೋವರ್ಗೂ ಬಾಯಿ ಬಿಡಲ್ಲ. ಆಗದಿದ್ರೆ ನಿಜ ಅಚ್ಚಾಗ್ಬೇಕು. ನಾರ್ವೇಜಿಯನ್‌ನಲ್ಲಿ. ಎಲ್ಲರೂ ಓದೋ ಹಾಗೆ."

"ನಂಗೆ ಅರವತ್ತಾರು ಕಣೇ!"

"ರಿಯಾಯಿತಿ ಇಲ್ಲ."

೭

ಈಗ ಮತ್ತೆ ಏಳು. ಕ್ರಮ ಸರಿಹೋಯಿತು ನೋಡಿ: ಐದು, ಆರು, ಏಳು. ಕಥೆಗಾರನಾದವನು ಕೊನೆಗಾದರೂ ವಾಪಸ್ಸು ಬರಬೇಕು.

ಅದೇ ಮರ ಅಲ್ಲ, ಅದನ್ನು ಕಡಿದಿದ್ದಾರೆ. ಅದರ ಮಗನೋ ಮೊಮ್ಮಗನೋ ಇರಬಹುದು, ಅದರ ಕೆಳಗೆ ಕೂತಿದ್ದೇನೆ. ಮಧ್ಯಾಹ್ನದ ಬಿಸಿಲು. ಫ್ಲಾಸ್ಕಿನಲ್ಲಿ ಕಾಫಿ. ಕೊಂಬೆಗೆ ಒಂದು ಕಿತ್ತಳೆ-ಬಿಳಿ ಬಾವುಟ ಕಟ್ಟಿದ್ದೇನೆ, ಕ್ಲಬ್ಬಿನ ಕಪಾಟಿನಿಂದ ಹಳೆಯ ಇಕ್ಕಳವನ್ನೂ ತಂದಿದ್ದೇನೆ. ಮಂಡಿಯ ಮೇಲೆ ಹೊಸ ಪಟ್ಟಿ, ಅದರಲ್ಲಿ ಒಂದೇ ನಂಬರು: ಮೂವತ್ತೊಂದು.

ಆಚೆ ಗುಡ್ಡದಿಂದ ವಿಗ್ಡಿಸ್‌ಳ ಸೀಟಿ ಕೇಳಿಸಿತು. ನಾನು ಗಡಿಯಾರ ಒತ್ತಿದೆ.

ಒಂದು ನಿಮಿಷ ಏನೂ ಇಲ್ಲ. ಹುಳುಗಳ ಗುಂಯ್‌ಗುಡಿತ, ಹುಲ್ಲಿನ ಸಿಹಿ ವಾಸನೆ. ನಿದ್ದೆ ಬಂದಂತಾಗಿ, ಇದೆಲ್ಲ ಅವಳ ಕನಸೋ ನನ್ನದೋ ಎಂದು ಗೊಂದಲವಾಯಿತು. ಎರಡು ನಿಮಿಷಕ್ಕೆ ಗುಡ್ಡದ ಅಂಚಿನಲ್ಲಿ ಬಿಳಿ ಕೂದಲು ಕಾಣಿಸಿತು. ಓಡುತ್ತಿದ್ದಾಳೆ! ಪಾಚಿಯ ಮೇಲೆ ಎಲ್ಲಿ ಕಾಲಿಡಬೇಕೆಂದು ಆ ಕಾಲುಗಳಿಗೆ ಇನ್ನೂ ಗೊತ್ತಿದೆ. ಅವಳ ಹಿಂದೆ ದೂರದಲ್ಲಿ ಕೆಟ್ಟ ಮಂಡಿ ಎಳೆದುಕೊಂಡು ವಿಗ್ಡಿಸ್ ಬರುತ್ತಿದ್ದಾಳೆ. ಎರಡು ನಿಮಿಷ ಐವತ್ತು. ಇನ್ನು ನೂರು ಗಜ. ಖಂಡಿತ ಮುಟ್ಟುತ್ತಾಳೆ. ನಾನು ಬಯಸುತ್ತಿರುವುದು ಅವಳು ಗೆಲ್ಲಲಿ ಎಂದೋ ಸೋಲಲಿ ಎಂದೋ ನನಗೇ ತಿಳಿಯದು.

ತೂರುನ್ ನಿಂತಳು.

ಎದುರಿಗೆ ದೋಣಿ. ಹಲಗೆಗಳು ಕಳಚಿ ಪಕ್ಕೆಲುಬು ಕಾಣುತ್ತಿವೆ, ಆದರೆ ಮೂತಿಯ ಹತ್ತಿರ ಅಂಗೈಯಗಲ ನೀಲಿ ಬಣ್ಣ ಇನ್ನೂ ಉಳಿದಿದೆ. ಅದರ ಸುತ್ತ, ಒಳಗೆ, ಜೌಗಿನ ಉದ್ದಕ್ಕೂ, ಹಣ್ಣಾದ ಮುಲ್ತೆ. ಕಣ್ಣು ಹಾಯುವವರೆಗೂ ಕಿತ್ತಳೆ ಬಣ್ಣ.

"ಇದೇನೇ ನಿನ್ನ ಜಾಗ?" ಅವಳು ತಿರುಗಿ ಕೂಗಿದಳು.

"ಅವತ್ತು ಓಡ್ತಾ ಕಂಡಿದ್ದು!" ವಿಗ್ಡಿಸ್ ಏದುಸಿರು ಬಿಡುತ್ತ ಕೂಗಿದಳು. "ನೀನೂ ಬಂದಿದ್ರೆ ನಿಂಗೂ ಸಿಗ್ತಿತ್ತು! ಯಾಕೆ ನಿಂತೆ? ಓಡೇ ಮೂದೇವಿ, ಇನ್ನೂ ಟೈಮ್ ಇದೆ!"

"ದೋಣಿ ನೋಡ್ತಿದೀನಿ!" ಅಂದಳು ತೂರುನ್.

ಮೂರು ನಿಮಿಷ ಇಪ್ಪತ್ತು. ಮೂರು ನಲವತ್ತು. ಈಗ ಓಡಿದರೂ ಸಿಕ್ಕೀತು. ನಿಮಗೆ ಮುಂದಿನದು ಬೇಕು, ನನಗೆ ಗೊತ್ತು. ಒಡ್ವಾರ್‌ಗೂ ಬೇಕು, ಪ್ರೆಸ್ಸಿನವರು ಕಾಯುತ್ತಿದ್ದಾರೆ. ಅವಳು ದೋಣಿಯ ಅಂಚಿಗೆ ಕೈಯಿಟ್ಟು ನಿಂತೇ ಇದ್ದಾಳೆ, ವಿಗ್ಡಿಸ್ ಹತ್ತಿರ ಬರುತ್ತಿದ್ದಾಳೆ.

ಪೆನ್ಸಿಲ್ ನನ್ನ ಕೈಯಲ್ಲಿದೆ. ಮೂವತ್ತೊಂದರ ಮುಂದಿನ ಜಾಗ ಖಾಲಿ ಇದೆ. ಈ ಸಲ ಅವಳು ಬರುವವರೆಗೆ ನಾನು ಅದರಲ್ಲಿ ಏನನ್ನೂ ತುಂಬುವುದಿಲ್ಲ.